ನೂರ ಎಂಬತ್ತೇಳರ ಬಲಗಾಲು

ಕಾಲು ಎಡದ್ದಾಗಿತ್ತು.

ದರ್ಜಿ ಅದನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಹೊಲಿಗೆ ಪರೀಕ್ಷಿಸುವವನ ಹಾಗೆ ಅತ್ತಿತ್ತ ತಿರುಗಿಸಿ ನೋಡಿದ. ಬೆಲ್ಟು ಹೊಸದು, ಬಣ್ಣ ಸರಿಯಾಗಿ ಕೂತಿತ್ತು, ಪಾದಕ್ಕೆ ಐದು ಬೆರಳುಗಳ ಗೆರೆಯೂ ಇತ್ತು. ಆದರೆ ಹೆಬ್ಬೆರಳು ಇರಬಾರದ ಕಡೆ ಇತ್ತು. ಅವನು ಕಳೆದುಕೊಂಡದ್ದು ಬಲಗಾಲು.

"ಎಡಗಾಲು ನಂದು ಚೆನ್ನಾಗೇ ಇದೆಯಲ್ಲ ಮೇಸ್ತ್ರಿ," ಅಂದ. "ಇನ್ನೊಂದು ಕೊಟ್ರೆ ಬೇಡ ಅನ್ನಲ್ಲ. ಎಲ್ಲಿ ಹಾಕ್ಕೊಳ್ಳೋದು ಅಂತ ಹೇಳಿಬಿಡಿ."

ಕೃತಕ ಕಾಲು ಮಾಡುವ ಮೇಸ್ತ್ರಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವನು ಏಪ್ರನ್ನಿನ ಜೇಬಿನಿಂದ ಅಳತೆಯ ಚೀಟಿ ತೆಗೆದು ನೋಂದಣಿ ಮೇಜಿನ ಮೇಲಿಟ್ಟ. "ನೀವೇ ಕೊಟ್ಟಿದ್ದು. ಹೆಸರು ಇವರದ್ದು. ಎಡಗಾಲು, ಮಂಡಿ ಕೆಳಗೆ, ಅಚ್ಚು ನಲವತ್ತೊಂದು. ಚೀಟಿಲಿ ಇದ್ದದ್ದನ್ನ ನಾನು ಮಾಡಿದೀನಿ."

ಮೇಜಿನ ಹಿಂದೆ ಕೂತಿದ್ದ ಹೆಂಗಸಿಗೆ ಐವತ್ತೆರಡು ವರ್ಷ. ಆ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಪಟ್ಟಿಯಮ್ಮ ಎಂದು ಕರೆಯುತ್ತಿದ್ದರು. ಇಪ್ಪತ್ತಮೂರು ವರ್ಷ ಅವಳು ಕಾಲಿಲ್ಲದವರ ಹೆಸರು, ಊರು, ಅಳತೆಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದವಳು. ಪುಟದ ಕೊನೆಗೆ ಕೆಂಪು ಗೆರೆ ಎಳೆದರೆ ಮತ್ತೆ ಅಲ್ಲಿ ತಿದ್ದುಪಡಿ ಇರುತ್ತಿರಲಿಲ್ಲ. ಹೋದ ವರ್ಷ ರಿಜಿಸ್ಟರು ಮುಚ್ಚಿ ಅವಳ ಮುಂದೆ ಕಂಪ್ಯೂಟರು ಇಟ್ಟರು. ಅದರೊಳಗೆ ಚೌಕಚೌಕವಾಗಿ ಹರಡಿಕೊಂಡ ಹಾಳೆಯನ್ನು ಅವಳು ಪಗಡೆ ಹಾಸಿನಂತೆ ಕಂಡು, ಒಂದೊಂದು ಚೌಕವನ್ನೂ ಮನೆ ಎಂದೇ ಕರೆಯುತ್ತಿದ್ದಳು.

"ನಿಮ್ಮ ಟೋಕನ್ ಕೊಡಿ," ಎಂದಳು ದರ್ಜಿಗೆ.

ಅವನು ಅಂಗಿಯ ಜೇಬಿನಿಂದ ಅಳತೆ ಟೇಪಿನ ಜೊತೆ ಸುರುಳಿ ಸುತ್ತಿದ್ದ ಚೀಟಿ ತೆಗೆದ. ನೂರ ಎಂಬತ್ತೇಳು. ಪಟ್ಟಿಯಮ್ಮ ಹಾಳೆಯಲ್ಲಿ ಆ ಸಂಖ್ಯೆ ಹುಡುಕಿದಳು. ಬಲಗಾಲು, ಮಂಡಿ ಕೆಳಗೆ, ಉದ್ದ, ಸುತ್ತಳತೆ, ಎಲ್ಲವೂ ದರ್ಜಿಯದ್ದೇ. ಹೆಸರಿನ ಮನೆಯಲ್ಲಿ ಮಾತ್ರ ಒಬ್ಬ ಅಂಚೆಯವನಿದ್ದ. ಆ ಅಂಚೆಯವನು ಅವಳಿಗೆ ಚೆನ್ನಾಗಿ ನೆನಪಿದ್ದ. ಅವನದು ಎಡಗಾಲು, ಅದೂ ತೊಡೆಯಿಂದ. ಅದರ ಕೆಳಗಿನ ಸಾಲಿನಲ್ಲಿ ಆರಡಿ ಎತ್ತರದ ಅಡುಗೆಯವನ ಹೆಸರಿನ ಮುಂದೆ ಎಂಟು ವರ್ಷದ ಹುಡುಗಿಯ ಅಳತೆ ಕೂತಿತ್ತು. ಅವಳು ಕೆಳಗೆ, ಇನ್ನೂ ಕೆಳಗೆ ಹೋದಳು. ಮುನ್ನೂರ ಹನ್ನೆರಡು ಜನರಲ್ಲಿ ತಮ್ಮ ಮನೆಯಲ್ಲಿ ತಾವಿದ್ದವರು ಅವಳ ಕಣ್ಣಿಗೆ ಒಬ್ಬರೂ ಬೀಳಲಿಲ್ಲ.

ಸೋಮವಾರ ಮಾಡಿದ್ದು ನೆನಪಾಯಿತು. ಹೆಸರು ಹುಡುಕುವುದು ಸುಲಭವಾಗಲಿ ಎಂದು ಅವಳು ಹೆಸರುಗಳ ಕಾಲಂ ಒಂದನ್ನೇ ಹಿಡಿದು ಅಕಾರಾದಿಯಾಗಿ ಜೋಡಿಸಲು ಹೇಳಿದ್ದಳು. ಯಂತ್ರ ಪಾಪ ಒಂದು ಮಾತು ಕೇಳಿತ್ತು: ಅಕ್ಕಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೋ, ಇದಿಷ್ಟೇ ಸಾಕೋ? ಪಕ್ಕದವರ ಉಸಾಬರಿ ನಮಗೇಕೆ ಎನ್ನುವುದು ಪಟ್ಟಿಯಮ್ಮ ಜೀವಮಾನವಿಡೀ ಪಾಲಿಸಿಕೊಂಡು ಬಂದ ನೀತಿ. ಇದಿಷ್ಟೇ ಸಾಕು ಎಂದಳು. ಹೆಸರುಗಳೆಲ್ಲ ಎದ್ದು ಸಾಲಾಗಿ ನಿಂತವು, ಟೋಕನ್ನು, ಅಳತೆ, ಫೋನ್ ನಂಬರುಗಳು ಕೂತಲ್ಲೇ ಕೂತವು. ಅವಳು ಸಂತೋಷಪಟ್ಟು, ಸೇವ್ ಮಾಡಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮನೆಗೆ ಹೋಗಿದ್ದಳು. ಹೊಸ ಪಟ್ಟಿಯಿಂದ ಬರೆದ ಮೊದಲ ಚೀಟಿ ದರ್ಜಿಯದ್ದು.

"ನಾಲ್ಕು ಗಂಟೆಗೆ ಉಳಿದ ನಲವತ್ತು ಚೀಟಿ ಕೊಡ್ತೀನಿ ಅಂದಿದ್ರಿ," ಅಂದ ಮೇಸ್ತ್ರಿ. "ಇವತ್ತು ಸಿಕ್ಕಿದ್ರೆ ಬರೋ ವಾರದೊಳಗೆ ಮುಗಿಸ್ತೀನಿ. ಆಮೇಲೆ ನಾನು ಮುಂದಿನ ಕೇಂದ್ರಕ್ಕೆ ಹೋಗ್ಬೇಕು. ತಿರುಗಿ ಬರೋದು ಮೂರು ತಿಂಗಳಿಗೆ."

"ಮೂರು ತಿಂಗಳಾ?" ದರ್ಜಿ ಕೇಳಿದ. ಅವನ ಹಳೆಯ ಕೃತಕ ಕಾಲು ಸೀಳಿ ಎರಡು ತಿಂಗಳಾಗಿತ್ತು. ತುಳಿಯುವ ಹೊಲಿಗೆ ಯಂತ್ರ ಅವನದು. ಬಲಗಾಲಿಲ್ಲದೆ ಅದರ ಚಕ್ರಕ್ಕೆ ಲಯ ಸಿಗುತ್ತಿರಲಿಲ್ಲ. "ಈಗಲೇ ನನ್ನ ಸೊಸೆ ಮಿಷನ್ ಮೇಲೆ ಒದ್ದೆ ಬಟ್ಟೆ ಹರವ್ತಾಳೆ. ಇನ್ನು ಮೂರು ತಿಂಗಳಾದ್ರೆ ಅದರ ಮೇಲೆ ಹೂವಿನ ಕುಂಡ ಇಡ್ತಾಳೆ. ಆಮೇಲೆ ಅದು ಮಿಷನ್ ಅಂತ ಯಾರಿಗೂ ನೆನಪಿರಲ್ಲ."

ನಗುತ್ತಲೇ ಹೇಳಿದ, ಆದರೆ ಕೈ ಆ ಎಡಗಾಲನ್ನು ಗಟ್ಟಿಯಾಗಿ ಹಿಡಿದಿತ್ತು. ಪಟ್ಟಿಯಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ. ಇವನಂಥ ಇನ್ನೂ ನಲವತ್ತು ಜನ. ಈ ಸಲ ಕಾಲು ಕೊಡಬೇಕಾದವರನ್ನು ಡಾಕ್ಟರು ಆರಿಸಿ ಕೊಟ್ಟ ಹಾಳೆಯಲ್ಲಿದ್ದದ್ದು ಬರೀ ಹೆಸರು. ಫೋನ್ ಮಾಡಿ ಟೋಕನ್ ಕೇಳೋಣವೆಂದರೆ ಫೋನ್ ನಂಬರುಗಳೂ ಯಾರದೋ ಪಾಲಾಗಿದ್ದವು.

ಇದಕ್ಕೆ ಮದ್ದು ಗೊತ್ತಿದ್ದವರು ಒಬ್ಬರಿದ್ದರು: ಅವಳ ಓರಗಿತ್ತಿ, ಮೈದುನನ ಹೆಂಡತಿ. ಅದೇ ಮನೆಯ ಮಹಡಿಯಲ್ಲಿ ವಾಸ, ಬಸ್ ಡಿಪೋದಲ್ಲಿ ಚಾಲಕರ ಪಾಳಿ ಪಟ್ಟಿ ಮಾಡುವ ಕೆಲಸ. ಹನ್ನೊಂದು ತಿಂಗಳ ಹಿಂದೆ ಒಂದು ಭಾನುವಾರ, ತಿಂಗಳಲ್ಲಿ ಎಷ್ಟು ಎಡ ಎಷ್ಟು ಬಲ ಎಂದು ಪಟ್ಟಿಯಮ್ಮ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ಉತ್ತರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾಗ ಓರಗಿತ್ತಿ ನೋಡಿಬಿಟ್ಟಿದ್ದಳು. "ನಮ್ಮಕ್ಕ ಲಿಫ್ಟ್ ಪಕ್ಕದಲ್ಲೇ ಏಣಿ ಹಾಕ್ಕೊಂಡು ಹತ್ತುತಾರೆ," ಎಂದು ನೆಂಟರೆದುರು ನಕ್ಕಿದ್ದಳು. ಅಂದಿನಿಂದ ಇಬ್ಬರ ನಡುವೆ ನೀರು ಬಂತಾ, ಬಾಗಿಲು ಹಾಕಿದ್ಯಾ ಎಂಬುದರಾಚೆ ಮಾತಿರಲಿಲ್ಲ.

ಪಟ್ಟಿಯಮ್ಮ ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ದರ್ಜಿ ನೋಡುತ್ತಿದ್ದ. ಮತ್ತೆ ಎತ್ತಿಕೊಂಡಳು.

"ನಾನು," ಎಂದಳು.

"ಗೊತ್ತಾಯ್ತು ಅಕ್ಕ. ಏನಾಯ್ತು? ಮನೇಲಿ ಎಲ್ರೂ..."

"ಎಲ್ರೂ ಚೆನ್ನಾಗಿದಾರೆ. ನಾನೇ ಚೆನ್ನಾಗಿಲ್ಲ." ನಡೆದದ್ದನ್ನು ಬಿಡದೆ ಹೇಳಿದಳು. "ನಗಬೇಕು ಅನ್ಸಿದ್ರೆ ಈಗಲೇ ನಕ್ಕುಬಿಡು. ಆಮೇಲೆ ದಾರಿ ಹೇಳು."

ಆ ಕಡೆ ಬಸ್ಸಿನ ಹಾರ್ನುಗಳ ನಡುವೆ ಓರಗಿತ್ತಿ ದನಿ ತಗ್ಗಿಸಿದಳು.

"ನಾನು ಕೆಲಸಕ್ಕೆ ಸೇರಿದ ವರ್ಷ ಇದನ್ನೇ ಮಾಡಿದ್ದೆ ಅಕ್ಕ. ಎಪ್ಪತ್ತು ಡ್ರೈವರುಗಳು ಅದಲುಬದಲು. ಒಬ್ಬ ಪಾಪ ತನ್ನ ಮದುವೆ ದಿನ ಡ್ಯೂಟಿಗೆ ಬಂದಿದ್ದ."

"ನೀನು ಯಾವತ್ತೂ ಹೇಳ್ಲಿಲ್ಲ."

"ನಾಚಿಕೆ. ಅವತ್ತು ನಿಮ್ಮನ್ನ ನೋಡಿ ನಕ್ಕೆನಲ್ಲ, ಅದನ್ನೂ ಹೊಟ್ಟೆಗೆ ಹಾಕ್ಕೊಳ್ಳಿ. ಈಗ ಹೇಳಿ, ಹಳೇ ಕಾಪಿ ಏನಾದ್ರೂ ಇದೆಯಾ?"

"ಇಲ್ಲ."

"ಟೋಕನ್ ನಂಬರು ಅಳತೆ ಜೊತೇಲೇ ಉಳಿದಿದೆ ಅಲ್ವಾ? ಹಾಗಾದ್ರೆ ಯಾವ ಟೋಕನ್ ಯಾರದ್ದು ಅಂತ ಬೇರೆ ಎಲ್ಲಾದ್ರೂ ಬರೆದಿದ್ದೀರಾ?"

ಪಟ್ಟಿಯಮ್ಮ ಕೆಳಗಿನ ಡ್ರಾಯರು ಎಳೆದಳು. ಅಲ್ಲಿ ಎರಡು ಬಿಸ್ಕತ್ತಿನ ಡಬ್ಬಿಗಳಿದ್ದವು. ಟೋಕನ್ ಹರಿದುಕೊಟ್ಟ ಮೇಲೆ ಉಳಿಯುವ ಅರ್ಧಚೀಟಿಗಳು, ಅವಳದೇ ಅಕ್ಷರದಲ್ಲಿ ಸಂಖ್ಯೆ ಮತ್ತು ಹೆಸರು, ಐವತ್ತೈವತ್ತರ ಕಟ್ಟು ಮಾಡಿ ದಾರ ಸುತ್ತಿದ್ದು. ಕಂಪ್ಯೂಟರು ಬಂದ ಮೇಲೆ ಈ ಕಸ ಯಾಕೆ ಎಂದು ಎಲ್ಲರೂ ಗೇಲಿ ಮಾಡಿದ್ದರು. ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಇದೆ," ಎಂದಳು.

"ಹಾಗಾದ್ರೆ ಎಲ್ಲ ಇದೆ. ಮೊದಲು ಫೈಲು ಇನ್ನೊಂದು ಹೆಸರಲ್ಲಿ ಸೇವ್ ಮಾಡಿ. ಕೆಟ್ಟಿದ್ರೂ ಪರವಾಗಿಲ್ಲ, ಕಾಪಿ ಇಲ್ದೆ ಕೈ ಹಾಕ್ಬೇಡಿ. ಆಮೇಲೆ ಹೊಸ ಹಾಳೆ ತೆಗೀರಿ. ಒಂದು, ಎರಡು ಅಂತ ಎರಡು ಮನೆ ಬರೆದು, ಎರಡನ್ನೂ ಸೇರಿಸಿ ಆರಿಸಿ, ಮೂಲೇಲಿರೋ ಚಿಕ್ಕ ಚುಕ್ಕೆ ಹಿಡಿದು ಕೆಳಗೆ ಎಳೀರಿ. ಮುನ್ನೂರ ಹನ್ನೆರಡರವರೆಗೆ ತಾನೇ ಬರ್ಕೊಳತ್ತೆ. ನೀವು ಪಕ್ಕದಲ್ಲಿ ಹೆಸರು ತುಂಬಿ. ಮುಗಿದ ಮೇಲೆ ಫೋನ್ ಮಾಡಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಳೆದಿತ್ತು. ದರ್ಜಿ ಊರುಗೋಲಿನ ಮೇಲೆ ಎದ್ದು ಬಂದು ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತ. "ನಾನು ಓದ್ತೀನಿ, ನೀವು ಹೊಡೀರಿ. ಮುಳ್ಳಿನ ಮೇಲೆ ಬಿದ್ದ ಬಟ್ಟೆ ಅಮ್ಮ ಇದು. ಎಳೆದ್ರೆ ಹರಿಯತ್ತೆ. ಒಂದೊಂದೇ ಬಿಡಿಸೋಣ."

ಅವನು ಚೀಟಿ ಓದಿದ, ಅವಳು ಎರಡು ಬೆರಳಿನಲ್ಲಿ ಹೊಡೆದಳು. ನಡುವೆ ಸಂಖ್ಯೆಯನ್ನೂ ಕೂಗಿ ತಾಳೆ ನೋಡಿಕೊಂಡರು. ನೂರರ ಹೊತ್ತಿಗೆ ಮೇಸ್ತ್ರಿ ಹೇಳದೆ ಕೇಳದೆ ಎರಡು ಲೋಟ ಚಹಾ ತಂದಿಟ್ಟು ಹೋದ. ನೂರ ಎಂಬತ್ತೇಳು ಬಂದಾಗ ದರ್ಜಿ ತನ್ನ ಹೆಸರನ್ನು ಶಾಲೆಯಲ್ಲಿ ಹಾಜರಿ ಹೇಳುವವನಂತೆ ಗಟ್ಟಿಯಾಗಿ ಓದಿದ. ಮುನ್ನೂರ ಹನ್ನೆರಡು ಮುಗಿದಾಗ ಎರಡೂಮುಕ್ಕಾಲು. ಇಬ್ಬರೂ ಊಟ ಮರೆತಿದ್ದರು.

ಓರಗಿತ್ತಿ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದಳು. ಹಳೆಯ ಹಾಳೆಯಲ್ಲಿ ಒಂದು ಖಾಲಿ ಕಾಲಂ, ಅದರ ಮೊದಲ ಮನೆಯಲ್ಲಿ ಸಮ ಚಿಹ್ನೆ, ವಿ-ಲುಕಪ್, ಕಂಸ. "ಮೊದಲು ಯಾವ ಟೋಕನ್ ಹುಡುಕ್ಬೇಕೋ ಆ ಮನೆ. ಆಮೇಲೆ ಎಲ್ಲಿ ಹುಡುಕ್ಬೇಕೋ ಅದು, ಹೊಸ ಹಾಳೆಯ ಎರಡೂ ಕಾಲಂ ತಲೆ ಹಿಡಿದು ಪೂರ್ತಿ. ಆಮೇಲೆ ಎರಡು, ಅಂದ್ರೆ ಎರಡನೇ ಕಾಲಂನಿಂದ ಹೆಸರು ತಗೊಂಡು ಬಾ ಅಂತ. ಕೊನೆಗೆ ಸೊನ್ನೆ."

"ಸೊನ್ನೆ ಯಾಕೆ?"

"ಅದಿಲ್ಲದಿದ್ರೆ, ಕೇಳಿದವರು ಸಿಗದೇ ಹೋದ್ರೆ ಹತ್ತಿರದವರು ಯಾರನ್ನಾದ್ರೂ ಕರ್ಕೊಂಡು ಬರತ್ತೆ."

"ಬೇಡ ತಾಯಿ," ಎಂದಳು ಪಟ್ಟಿಯಮ್ಮ. "ಹತ್ತಿರದವರ ಸಹವಾಸ ಸಾಕಾಗಿದೆ." ಸೊನ್ನೆ ಹಾಕಿ, ಕಂಸ ಮುಚ್ಚಿದಳು. ಆ ಕಡೆ ಓರಗಿತ್ತಿ ನಕ್ಕಳು. ಪಟ್ಟಿಯಮ್ಮನಿಗೂ ನಗು ಬಂತು.

ಮೊದಲ ಹೆಸರು ಬಂದು ಕೂತಿತು. ಮೂಲೆಯ ಚುಕ್ಕೆಯ ಮೇಲೆ ಎರಡು ಸಲ ಒತ್ತಿ ಎಂದಳು ಓರಗಿತ್ತಿ. ಒತ್ತಿದಳು. ಮುನ್ನೂರ ಹನ್ನೆರಡು ಹೆಸರುಗಳು ಮೇಲಿನಿಂದ ಕೆಳಕ್ಕೆ ಸರಸರನೆ ಇಳಿದು ತಮ್ಮತಮ್ಮ ಮನೆ ಸೇರಿದವು. ಎಂಟು ವರ್ಷದ ಹುಡುಗಿ ತನ್ನ ಪುಟ್ಟ ಅಳತೆಯ ಪಕ್ಕ ಬಂದಳು, ಅಂಚೆಯವನು ತನ್ನ ಎಡಗಾಲಿನ ಹತ್ತಿರ ಹೋದ. ಪಟ್ಟಿಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಕಣ್ಣನ್ನೂ ಒರೆಸಿಕೊಂಡಳು. ನಾಲ್ಕಕ್ಕೆ ಇನ್ನೂ ಎಂಟು ನಿಮಿಷ ಇರುವಾಗಲೇ ನಲವತ್ತೊಂದು ಚೀಟಿಗಳು ಮೇಸ್ತ್ರಿಯ ಕೈಯಲ್ಲಿದ್ದವು. ಹೆಚ್ಚಿನ ಒಂದು ದರ್ಜಿಯದ್ದು. ಎಡಗಾಲಿನ ನಿಜವಾದ ಒಡತಿ ಒಬ್ಬ ಸಂಗೀತದ ಟೀಚರು. ಈಗ ಅವಳ ಫೋನ್ ನಂಬರೂ ಅವಳದೇ ಆಗಿತ್ತು. ನಿಮ್ಮ ಕಾಲು ಸರದಿಗಿಂತ ಮೊದಲೇ ತಯಾರಾಗಿದೆ ಎಂದು ಪಟ್ಟಿಯಮ್ಮ ಹೇಳಿದಾಗ, ಅದು ಹೇಗೆ ಎಂದು ಅವಳು ಕೇಳಲಿಲ್ಲ.

ಅಂದು ಸಂಜೆ ಓರಗಿತ್ತಿ ಮಹಡಿಯಿಂದ ಇಳಿದು ಬಂದಳು. ಪಟ್ಟಿಯಮ್ಮ ಹಳೆಯ ರಿಜಿಸ್ಟರಿನ ಖಾಲಿ ಪುಟ ತೆರೆದು, ಹೇಳಿದ್ದನ್ನೆಲ್ಲ ಬರೆದುಕೊಂಡಳು. ಜೋಡಿಸುವ ಮೊದಲು ಕಾಪಿ. ಹಿಡಿದರೆ ಇಡೀ ಪಟ್ಟಿ ಹಿಡಿ, ಒಂದು ಕಾಲಂ ಅಲ್ಲ. ಮೇಲಿನ ತಲೆಬರಹ ಜಾರದಂತೆ ಕಟ್ಟಿಹಾಕು. ಬರೀ ಎಡ ಬೇಕೆಂದರೆ ಫಿಲ್ಟರ್ ಎಂಬ ಜರಡಿ ಹಿಡಿ, ಉಳಿದದ್ದು ಅಡಗುತ್ತದೆ, ಅಳಿಯುವುದಿಲ್ಲ. ಕೂಡಿಸಲು ಕ್ಯಾಲ್ಕುಲೇಟರು ಬೇಡ, ಎಂದು ಹೇಳಿ ಓರಗಿತ್ತಿ ಮಾತು ನಿಲ್ಲಿಸಿ ಅವಳ ಮುಖ ನೋಡಿದಳು. "ಹೇಳು, ಹೇಳು," ಎಂದಳು ಪಟ್ಟಿಯಮ್ಮ, "ಏಣಿ ಇಳಿದಾಯ್ತು." ಪುಟದ ಕೊನೆಗೆ ಕೆಂಪು ಗೆರೆ ಎಳೆಯಲು ಹೋದವಳು ಎಳೆಯದೆ ಜಾಗ ಬಿಟ್ಟಳು.

ಎಂಟನೆಯ ದಿನ ದರ್ಜಿ ಬಂದ. ಮೇಸ್ತ್ರಿ ಕಾಲು ತೊಡಿಸಿ, ಬೆಲ್ಟು ಬಿಗಿದು, ಹೆಬ್ಬೆರಳು ಯಾವ ಕಡೆ ಇದೆ ಎಂದು ಎರಡು ಸಲ ನೋಡಿದ. "ಎದ್ದು ನಿಂತ್ಕೊಳ್ಳಿ," ಅಂದ.

ದರ್ಜಿ ಏಳಲಿಲ್ಲ. "ಒಂದು ನಿಮಿಷ," ಎಂದು ಬೆಂಚಿನ ತುದಿಗೆ ಸರಿದು ಕೂತು, ಹೊಸ ಪಾದವನ್ನು ನೆಲದ ಮೇಲೆ ಚಪ್ಪಟೆಯಾಗಿ ಊರಿದ. ಪಟ್ಟಿಯಮ್ಮ ಬರೆಯುತ್ತಿದ್ದುದನ್ನು ಬಿಟ್ಟು ನೋಡಿದಳು. ಮಂಡಿ ಮೆಲ್ಲಗೆ ಮುಂದೆ ಹೋಯಿತು, ಹಿಂದೆ ಬಂತು. ಹಿಮ್ಮಡಿ, ತುದಿ. ಹಿಮ್ಮಡಿ, ತುದಿ. ಮೊದಲು ತಡವರಿಸಿತು, ಆಮೇಲೆ ಲಯ ಹಿಡಿಯಿತು. ಅವನು ತಲೆ ಬಗ್ಗಿಸಿದ್ದ. ಅವನ ಎರಡು ಕೈಗಳು ತೊಡೆಯ ಮೇಲೆ, ಇಲ್ಲದ ಬಟ್ಟೆಯೊಂದನ್ನು ನೇರವಾಗಿ ಮುಂದಕ್ಕೆ ಸರಿಸುತ್ತಿದ್ದವು.