ಸೂಜಿಯ ನಂತರದ ಹಾಲು

ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಫಾರಂನಿಂದ ತಲೆ ಎತ್ತದೆ ಕೇಳಿದ. "ಬಸುರಿ ಇದೀರಾ?"

"ಇಲ್ಲ."

"ಎದೆಹಾಲು ಕುಡಿಸ್ತಿದೀರಾ?"

ಅವಳು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಗಂಡನ ಅಕ್ಕ ನಕ್ಕಳು. "ಮಗನಿಗೆ ಮೂರು ತುಂಬ್ತು. ಬಿಡಿಸಿ ಎರಡು ತಿಂಗಳಾಯ್ತು. ನಾನು ಗಂಟಲು ಹರ್ಕೊಳ್ಳದಿದ್ರೆ ಮೀಸೆ ಬರೋವರೆಗೂ ಕುಡಿಸ್ತಿದ್ಲು."

ಬಿಡಿಸಿರಲಿಲ್ಲ. ಹೊಲಿಗೆ ಕಾರ್ಖಾನೆಯಿಂದ ಬಂದ ಕೂಡಲೇ ಸ್ನಾನದಮನೆಯ ಚಿಲಕ ಹಾಕಿ, ಮಗುಚಿದ ಬಕೆಟ್ ಮೇಲೆ ಕೂತು ದಿನಾ ಕುಡಿಸುತ್ತಿದ್ದಳು. "ಅಮ್ಮ, ಕೈ ತೊಳ್ಯೋಣ ಬಾ" ಎನ್ನುವುದನ್ನು ಹುಡುಗನೂ ಕಲಿತಿದ್ದ.

"ಇಲ್ಲ," ಎಂದಳು. ಟೆಕ್ನಿಷಿಯನ್ ಫಾರಂನಲ್ಲಿ ಗೆರೆ ಎಳೆದ.

ವಿಕಿರಣ ಸೂಸುವ ಔಷಧ ತುಂಬಿ, ಸೀಸದ ಕವಚ ತೊಡಿಸಿದ ಸಿರಿಂಜ್ ಬಂತು. ಚುಚ್ಚಿದವನು ತಾನೇ ನಾಲ್ಕು ಹೆಜ್ಜೆ ದೂರ ಹೋಗಿ ನಿಂತ. ಅದನ್ನು ಕಂಡು ಅವಳು ಕೇಳಿದಳು.

"ಇದು ಮೈಯಲ್ಲಿ ಎಷ್ಟು ಹೊತ್ತು ಇರತ್ತೆ?"

"ಯಾಕೆ?"

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಸುಮ್ನೆ ಕೇಳ್ದೆ."

ಕುತ್ತಿಗೆಯ ಗಂಟಿನ ಚಿತ್ರ ತೆಗೆದು ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಇವತ್ತು ಕೊಡಬಾರದು. ನಾಳೆ? ನಾಡಿದ್ದು? ಇಲ್ಲ ಎಂದವಳಿಗೆ ಎಷ್ಟು ಗಂಟೆ ಎಂದು ಯಾರೂ ಹೇಳುವುದಿಲ್ಲ.

ಮನೆಯಲ್ಲಿ ಕುರ್ತಾದ ಕೊರಳಿಗೆ ಎರಡು ಪಿನ್ನು ಹಾಕಿಕೊಂಡಳು. ಹುಡುಗ ಬಂದು ಎಳೆದ, ಅತ್ತ, ಕಾಲು ಬಡಿದ. ಕೊನೆಗೆ ಗೋಡೆಗೆ ಮುಖ ಮಾಡಿ ಮಲಗಿದ. ಸ್ಕ್ಯಾನಿನ ಭಯಕ್ಕೆ ಹಿಂದಿನ ರಾತ್ರಿಯೆಲ್ಲ ಎದ್ದಿದ್ದವಳು ಅವನ ಪಕ್ಕದಲ್ಲೇ ಒರಗಿದಳು.

ಮಧ್ಯಾಹ್ನ ಎಚ್ಚರವಾದಾಗ ಎದೆ ಹಗುರವಾಗಿತ್ತು. ಮೇಲೆ ಪಿನ್ನು ಹಾಕಿದ್ದಳು. ಅವನು ಕುರ್ತಾ ಎತ್ತಿ ಕೆಳಗಿನಿಂದ ಬಂದಿದ್ದ. ಕಣ್ಣು ಮುಚ್ಚಿ ನೆಮ್ಮದಿಯಾಗಿ ಗುಟುಕರಿಸುತ್ತಿದ್ದ. ಅವಳು ಅವನ ತಲೆ ದೂಡಿ, ಬಾಯಿಗೆ ಬೆರಳು ತುರುಕಿದಳು. ಏನೂ ಬರಲಿಲ್ಲ. ಅವನು ಕಿರುಚಿದ.

ಫೋನು ಹಾಲ್‌ನಲ್ಲಿತ್ತು. ಅತ್ತಿಗೆಯೂ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು. ಅವಳು ಅತ್ತಿಗೆಯ ಕಡೆ ನೋಡದೆ ಸ್ಕ್ಯಾನ್ ಸೆಂಟರಿನ ನಂಬರ್ ಒತ್ತಿದಳು.

"ಬೆಳಿಗ್ಗೆ ಥೈರಾಯ್ಡ್ ಸ್ಕ್ಯಾನ್‌ಗೆ ಬಂದಿದ್ದೆ. ನಾನು ಸುಳ್ಳು ಹೇಳ್ದೆ. ಮಗ ಇನ್ನೂ ಕುಡೀತಾನೆ. ಈಗಷ್ಟೇ ಕುಡಿದ."

ಮಡಿಸುತ್ತಿದ್ದ ಕೈ ನಿಂತಿತು.

"ಎಷ್ಟು ಹೊತ್ತು ಕುಡಿದ?" ಟೆಕ್ನಿಷಿಯನ್ ಕೇಳಿದ.

"ಗೊತ್ತಿಲ್ಲ, ನಿದ್ದೆ ಬಂದಿತ್ತು. ಒಂದು ಕಡೆ ಪೂರ್ತಿ ಖಾಲಿ."

"ಲೈನಲ್ಲಿರಿ."

ಕುರ್ಚಿ ಸರಿದ ಸದ್ದು. ಹೆಂಗಸೊಬ್ಬಳ ದನಿ ಏನೋ ಅಂಕಿಗಳನ್ನು ಹೇಳಿತು.  ಅವಳು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ ಮಗನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಕುತ್ತಿಗೆ.

"ಡಾಕ್ಟರನ್ನ ಕೇಳ್ದೆ. ಈ ಔಷಧ ಆರು ಗಂಟೆಗೊಮ್ಮೆ ಅರ್ಧ ಆಗತ್ತೆ. ನಾಳೆ ಈ ಹೊತ್ತಿನವರೆಗೆ ಕೊಡ್ಲೇಬೇಡಿ, ಹಿಂಡಿ ಚೆಲ್ಲಿ. ಎತ್ಕೊಳ್ಳೋದೂ ಕಡಿಮೆ ಮಾಡಿ. ಒಂದು ಸಲ ಕುಡಿದ್ರೆ ತೊಂದ್ರೆ ಆಗೋ ಸಾಧ್ಯತೆ ತೀರಾ ಕಮ್ಮಿ. ಆದ್ರೂ ನಾಳೆ ಮಗೂನ ಕರ್ಕೊಂಡ್ ಬನ್ನಿ, ಮೈಗೆ ಎಷ್ಟು ಸೇರಿದೆ ಅಂತ ಲೆಕ್ಕ ಹಾಕ್ತಾರೆ."

"ಕಮ್ಮಿ ಅಂದ್ರೆ ಏನೂ ಆಗಲ್ಲ ಅಂತಾನಾ?"

"ಕಮ್ಮಿ ಅಂದ್ರೆ ಕಮ್ಮಿ, ಅಮ್ಮಾ. ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ."

ಫೋನು ಇಟ್ಟಳು. ಹುಡುಗ ಓಡಿ ಬಂದು ಮೊಣಕಾಲು ತಬ್ಬಿದ. ಅವಳು ಹಾವು ಕಂಡವಳಂತೆ ಹಿಂದೆ ಸರಿದಳು. ಅವನು ಬಿದ್ದ.

ಅತ್ತಿಗೆ ಅವನನ್ನು ಎತ್ತಿಕೊಂಡಳು. "ನನಗೆ ಹೆದರಿ ಇಲ್ಲ ಅಂದ್ಯಾ?"

"ಹೂಂ."

ಅತ್ತಿಗೆ ಬೈಯಲಿಲ್ಲ. ಅದು ಇನ್ನಷ್ಟು ಭಯ ಹುಟ್ಟಿಸಿತು. ಹುಡುಗ ಹೆಗಲ ಮೇಲೆ ಮೀನಿನಂತೆ ಒದ್ದಾಡುತ್ತ ಉಸಿರು ಕಟ್ಟುವಂತೆ ಅಳುತ್ತಿದ್ದ.

"ಬೇರೆ ಏನ್ ಕೊಟ್ರೆ ಸುಮ್ನಾಗ್ತಾನೆ, ಹೇಳು."

"ಗೊತ್ತಿಲ್ಲ ಅತ್ತಿಗೆ," ಎಂದಳು ಅವಳು. "ಬೇರೆ ಏನೂ ಕೊಟ್ಟು ನೋಡಿಲ್ಲ."