ಬಿಳಿ ರುಮಾಲಿನ ದಂಡಿಗೆ ತೂಕ

ಮತ್ತೊಂದು ಲಾರಿ, ಬೆಂಚು ಗಡಗಡ ಅದುರಿ ಅದರ ಮೇಲೆ ನಿಂತಿದ್ದ ಬಿಳಿ ರುಮಾಲಿನ ಕಟ್ಟಿಗೆಯ ಸಿಪಾಯಿಗಳಲ್ಲಿ ಮೂವರು ಮುಖ ಅಡಿಯಾಗಿ ಬಿದ್ದರು, ನಾಲ್ಕನೆಯವನು ಬೀಳಲೋ ಬೇಡವೋ ಎಂದು ತೂಗಾಡಿ ನಿಂತ, ಪಕ್ಕದಲ್ಲಿ ಅಳತೆಗೆಂದು ಇಟ್ಟುಕೊಂಡಿದ್ದ ಒಬ್ಬನೇ ಒಬ್ಬ ಕರಿ ರುಮಾಲಿನವನು ಮಾತ್ರ ಗುಡಿಯ ಕಂಬದ ಹಾಗೆ ಅಲುಗಲಿಲ್ಲ — ಇಬ್ಬರನ್ನೂ ಕೆತ್ತಿದ್ದು ಇದೇ ಕೈ, ಒಂದೇ ಹಾಲವಾಣದ ಕಟ್ಟಿಗೆ, ಒಂದೇ ಗೇಣಿನ ಕಾಲುಭಾಗದಷ್ಟು ಎತ್ತರ, ಕಾಲಡಿಗೆ ಒಂದೇ ನಮೂನೆಯ ಇಂಕಿನ ಬಾಟಲಿಯ ಮುಚ್ಚಳ, ಆದರೂ ಒಬ್ಬ ಬೀಳುತ್ತಾನೆ ಒಬ್ಬ ನಿಲ್ಲುತ್ತಾನೆ, ಯಾಕೆಂದು ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ, ಒಬ್ಬ ತಾನು, ಇನ್ನೊಬ್ಬ ಆ ಶಿವ, ಎಂದುಕೊಂಡು ಮಲ್ಲೇಶಪ್ಪ ಬಿದ್ದವರನ್ನು ಎತ್ತಿ ನಿಲ್ಲಿಸಿದ, ರಾಣೆಬೆನ್ನೂರಿನ ಹೆದ್ದಾರಿ ಅಗಲ ಮಾಡುತ್ತಿದ್ದಾರೆ, ಇಡೀ ದಿನ ಜಲ್ಲಿಯ ಲಾರಿಗಳೇ, ಟೈರಿನ ಅಂಗಡಿಗೆ ಅದು ಒಳ್ಳೆಯದೇ, ಇವತ್ತು ಮಾತ್ರ ಯಾರೂ ಪಂಕ್ಚರ್ ಆಗದಿರಲಿ, ಮಧ್ಯಾಹ್ನದ ಬಸ್ಸಿಗೆ ಶಂಭುಲಿಂಗನ ಹೆಂಡತಿ ಪುಷ್ಪಲತಾ ಬ್ಯಾಡಗಿಯಿಂದ ಬರುತ್ತಾಳೆ, ಅಷ್ಟರೊಳಗೆ ನಲವತ್ತೂ ಮಂದಿಗೆ ತೂಕ ಹಾಕಿ ಮುಗಿಸಬೇಕು. ಹೋದ ವಾರ ತಾನೇ ಬಂದು ಇವರನ್ನೆಲ್ಲ ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿ ಕೊಟ್ಟು ಹೋಗಿದ್ದಳು, ಅಣ್ಣಾರ, ಲಕ್ವಾ ಹೊಡದು ಇವ್ರದು ಬಲಗೈ ಪೂರಾ ಹೋಗೇತಿ, ಮಾತೂ ಹೋಗೇತಿ, ಎಡಗೈ ನಡಗತೈತಿ, ಸಣ್ಣ ಸಣ್ಣ ಸಾಮಾನು ಎತ್ತಿ ಇಡಸ್ರಿ ಅಂತ ಹಾವೇರಿ ಡಾಕ್ಟರ್ ಹೇಳ್ಯಾರ, ಈ ಗೊಂಬಿ ಮುಟ್ಟಿದ್ರ ಬೀಳ್ತಾವ, ಬಿದ್ದ ಕೂಡ್ಲೆ ಇವ್ರು ಕಣ್ಣೀರು ಹಾಕ್ತಾರ, ಬುಡಕ್ಕ ಒಂದೀಟು ತೂಕ ಹಾಕಿ ಕೊಡ್ರಿ. ಶಂಭುಲಿಂಗ ಅಳುತ್ತಾನೆಂದರೆ ನಂಬಲಾಗಿರಲಿಲ್ಲ, ಹೊಸರಿತ್ತಿ ಶಾಲೆಯಲ್ಲಿ ಜೊತೆಗೆ ಕಲಿತವನು, ಮಾಸ್ತರರ ಛಡಿಗೂ ಅಳದವನು — ಆದರೂ, ಶಿವ ಕ್ಷಮಿಸಲಿ, ಅವಳು ಹಾಗೆ ಕೇಳಿದಾಗ ಎದೆಯೊಳಗೆ ಸಣ್ಣದೊಂದು ಸಂತೋಷವೂ ಎದ್ದಿತ್ತು, ಬಾಯಿ ಬಿಡದೆಯೇ ಪಾಪ ತೊಳೆದುಕೊಳ್ಳಬಹುದು, ಖಾಲಿ ಮುಚ್ಚಳಗಳಿಗೆ ಸೀಸ ತುಂಬಿದರೆ ಆಯಿತು, ಹನ್ನೆರಡು ವರ್ಷದ ತಪ್ಪು ಒಂದು ದಿನದ ಕೆಲಸದಲ್ಲಿ ಮುಗಿಯಿತು.

ಕಾರಿನ ಗಾಲಿಗಳಿಂದ ಕಿತ್ತ ಸೀಸದ ತುಂಡುಗಳು ಒಂದು ಡಬ್ಬಿ ತುಂಬ ಬಿದ್ದಿವೆ, ಗಾಲಿ ಓಡುವಾಗ ಅದುರಬಾರದೆಂದು ಬಡಿಯುವ ತುಂಡುಗಳು, ಅವನ್ನೇ ಇಕ್ಕಳದಿಂದ ಕತ್ತರಿಸಿ ಸುತ್ತಿಗೆಯಿಂದ ತಟ್ಟಿದರೆ ಮುಚ್ಚಳದೊಳಗೆ ಸರಿಯಾಗಿ ಕೂರುತ್ತವೆ, ಆಗಲೂ ಹೀಗೆಯೇ ತಟ್ಟಿದ್ದ, ತೊಂಬತ್ತೆರಡರ ದಸರೆಯ ರಜೆಯಲ್ಲಿ, ತನ್ನ ಕರಿ ರುಮಾಲಿನವರಿಗೆ ಮಾತ್ರ. ಆಟ ಶಂಭುವಿನದು, ಇತಿಹಾಸ ಕಲಿಸುವ ಮಾಸ್ತರ, ಬ್ಯಾಡಗಿಯ ಮನೆಯ ಪಡಸಾಲೆಯ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕೋಟೆ ಬರೆದು, ಹೊಳೆ ಬರೆದು, ಶಾಲೆಯ ಫೂಟುಪಟ್ಟಿ ಇಟ್ಟು ಹೆಜ್ಜೆ ಅಳೆದು, ಕವಡೆ ಹಾಕಿ ಕಾದಾಡುವುದು, ನೀ ಗೊಂಬಿ ಕೆತ್ತು, ನಾ ಕಾಯ್ದೆ ಮಾಡ್ತೀನಿ ಅಂದಿದ್ದ, ಶಾಲೆಯಲ್ಲಿ ಖಾಲಿಯಾದ ಇಂಕಿನ ಬಾಟಲಿಗಳ ಮುಚ್ಚಳಗಳನ್ನು ಜೇಬು ತುಂಬ ತಂದು ಸುರಿದವನೂ ಅವನೇ. ಕಾಯ್ದೆಗಳಲ್ಲಿ ದೊಡ್ಡದು ಮೆಣಸಿನಕಾಯಿಯಿಂದ ಹುಟ್ಟಿದ್ದು, ಸುಗ್ಗಿ ಬಂತೆಂದರೆ ಬ್ಯಾಡಗಿಯಲ್ಲಿ ಗಾಳಿಯೇ ಖಾರ, ಮಾರ್ಕೆಟ್ಟಿನ ಕಡೆಯ ಕಿಟಕಿ ತೆರೆದರೆ ಗಂಟಲು ಕೆರೆಯುತ್ತದೆ, ಮೊದಲ ಸುಗ್ಗಿಯಲ್ಲಿ ಶಂಭು ಸೀನಿದ ಒಂದು ಸೀನಿಗೆ ಅವನದೇ ಒಂಬತ್ತು ಮಂದಿ ಬಿದ್ದರು, ಎತ್ತಿ ನಿಲ್ಲಸ್ಲೇನು ಎಂದು ಮಲ್ಲೇಶಪ್ಪ ಕೇಳಿದರೆ, ಬ್ಯಾಡ, ಯುದ್ಧದಾಗ ಯಾಕ ಬಿದ್ದಿ ಅಂತ ಯಾರು ಕೇಳ್ತಾರ, ಬಿದ್ದಾಂವ ಸತ್ತಾಂವ, ಬರಕೋ ಎಂದ, ಕಾಯ್ದೆಯ ಪುಸ್ತಕದಲ್ಲಿ ಬರೆದೂ ಇಟ್ಟ. ಹೀಗೆ ಬೀಳುತ್ತಾರೆಂದು ಮಲ್ಲೇಶಪ್ಪನಿಗೆ ಕೆತ್ತುವಾಗಲೇ ಗೊತ್ತಿತ್ತು. ಯಾಕೆ ಮಾಡಿದೆನೆಂದು ಎಷ್ಟೋ ಸಲ ಕೇಳಿಕೊಂಡಿದ್ದಾನೆ, ಉತ್ತರ ಪ್ರತಿ ಸಲವೂ ಒಂದೇ ಪಡಸಾಲೆ, ಒಂದೇ ಸಂಜೆ, ಶಂಭುವಿನ ಶಾಲೆಯ ನಾಲ್ಕು ಮಂದಿ ಮಾಸ್ತರರು ಚಹಾ ಕುಡಿಯುತ್ತ ಕುಳಿತಿದ್ದರು, ನಾನು ಕೈಗೆ ಗ್ರೀಸಿನ ಕಲೆಯಿಟ್ಟುಕೊಂಡು ಹೊಸ್ತಿಲು ದಾಟಿದೆ, ಅವನು ಎದ್ದು ನಿಂತು ಕೈ ಚಾಚಿ, ಬರ್ರಿ ಬರ್ರಿ, ಪಂಕ್ಚರ್ ಪಾಳೇಗಾರರು ಬಂದ್ರು, ಕುರ್ಚಿ ಕೊಡ್ರಿ ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅದೇ ತಪ್ಪಾಯಿತು, ನಗದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ನಕ್ಕಿದ್ದು ಹೊಟ್ಟೆಯೊಳಗೆ ಹೋಗಿ ಕುಳಿತು ಹುಳಿಯಾಯಿತು. ಓದಿನಲ್ಲಿ ಅವನು ಮುಂದೆ, ಮಾತಿನಲ್ಲಿ ಅವನು ಮುಂದೆ, ಮೇಜಿನ ಮೇಲಾದರೂ ಪಂಕ್ಚರಿನವನು ಗೆಲ್ಲಲಿ ಎಂದು ನಲವತ್ತು ತುಂಡು ಸೀಸ ತಟ್ಟಿ, ಎರಡೂ ದಂಡಿನ ಮುಚ್ಚಳದ ಬಾಯಿಗೆ ಹಳೆಯ ಟ್ಯೂಬಿನ ಗುಂಡನೆಯ ತುಂಡು ಕತ್ತರಿಸಿ ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಹಚ್ಚಿ ಮುಚ್ಚಿದ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆಮೇಲೆ ಭಾನುವಾರ ಭಾನುವಾರ ಗೆದ್ದ, ಸೋಮವಾರ ಮುಂಜಾನೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತಪ್ಪಾತು ತಂದೆ ಎಂದ, ಮತ್ತೆ ಭಾನುವಾರ ಗೆದ್ದ. ಶಿವನಿಗೆ ನೂರು ಸಲ ಹೇಳಿದ್ದ, ಶಂಭುವಿಗೆ ಒಂದು ಸಲವೂ ಇಲ್ಲ.

ಮೊದಲನೆಯವನನ್ನು ಬುಡ ಮೇಲು ಮಾಡಿ ಪ್ಯಾಚಿನ ಅಂಚಿಗೆ ಸ್ಕ್ರೂಡ್ರೈವರ್ ಹಾಕಬೇಕೆಂದರೆ, ಬೆರಳ ಉಗುರಿಗೇ ಎದ್ದು ಬಂತು — ಇದೇನಿದು, ತಾನು ಹಚ್ಚಿದ ಪ್ಯಾಚು ಹೀಗೆ ಬಿಡುವುದಲ್ಲ, ಬಳ್ಳಾರಿಗೆ ಹೋಗಿ ಬಂದ ಲಾರಿಯ ಟ್ಯೂಬಿನಲ್ಲೂ ಬಿಟ್ಟಿದ್ದಲ್ಲ, ಉಗುರಿನಲ್ಲಿ ಕೆರೆದು ಮೂಸಿದ, ಸೊಲ್ಯೂಷನ್ ಅಲ್ಲ, ಗೋಂದು, ಪುಸ್ತಕಕ್ಕೆ ಹಚ್ಚುವ ಗೋಂದು. ಒಳಗೆ ಖಾಲಿ ಇರಬೇಕಿತ್ತು. ಒಳಗೆ ಮುಚ್ಚಳದ ತಳಕ್ಕೆ ಗುಂಡಗೆ ಕತ್ತರಿಸಿದ ಕಾಗದ ಅಂಟಿಸಿತ್ತು, ಗೆರೆಯಿದ್ದ ಕಾಗದ, ಹುಡುಗರ ಕಾಪಿ ಪುಸ್ತಕದ್ದು, ಅದರ ಮೇಲೆ ಕೆಂಪು ಮಸಿಯಲ್ಲಿ, ಮಾಸ್ತರ ಪ್ರತಿ ಪುಟದ ಕೆಳಗೆ ಬರೆಯುವ ಹಾಗೆ, ನೋಡಲಾಗಿದೆ, ಅದರಡಿಗೆ ಬಾಲ ಎಳೆದ ಶಂ, ಅದರಡಿಗೆ ೨೦-೨-೯೪. ಈ ಪ್ಯಾಚನ್ನು ಶಂಭು ಬಿಚ್ಚಿ ನೋಡಿದ್ದಾನೆ. ಇನ್ನೊಬ್ಬನನ್ನು ತೆಗೆದ, ನೋಡಲಾಗಿದೆ, ಶಂ, ಅದೇ ತಾರೀಖು, ಮೂರನೆಯವನು, ಎಂಟನೆಯವನು, ಧ್ವಜ ಹಿಡಿದವನು, ಕುದುರೆಯ ಮೇಲಿನವನು, ನಲವತ್ತೂ, ಒಬ್ಬನನ್ನೂ ಬಿಡದೆ, ಹುಡುಗರ ನಲವತ್ತು ಕಾಪಿ ಪುಸ್ತಕ ತಿದ್ದಿದ ಹಾಗೆ ಒಂದೇ ಬೈಠಕ್ಕಿನಲ್ಲಿ ಕುಳಿತು ತಿದ್ದಿದ್ದಾನೆ, ನೋಡಲಾಗಿದೆ. ತೊಂಬತ್ತನಾಲ್ಕು, ಅಂದರೆ ಎರಡನೆಯ ಸುಗ್ಗಿ, ಅಂದರೆ ಹನ್ನೊಂದು ವರ್ಷ, ಹನ್ನೊಂದು ವರ್ಷದ ಭಾನುವಾರಗಳು ಬೆನ್ನ ಮೇಲೆ ಒಂದೊಂದಾಗಿ ಹತ್ತಿ ಕುಳಿತವು, ಪ್ರತಿ ಸಲ ಎದುರು ಕುಳಿತು, ನಿನ್ನ ಮಂದಿಗೆ ಎದಿ ಐತಿ ಮಲ್ಲೇಶಿ, ನನ್ನ ಮಂದಿ ಗಾಳಿಗೆ ಸಾಯ್ತಾರ ನೋಡು ಎನ್ನುತ್ತಿದ್ದ, ಹಾಗೆಂದು ನನ್ನ ಕಣ್ಣನ್ನೇ ನೋಡುತ್ತಿದ್ದ, ನಾನು ಕವಡೆ ಆರಿಸುವ ನೆವ ಮಾಡಿ ಕೆಳಗೆ ಬಗ್ಗುತ್ತಿದ್ದೆ. ಮತ್ತು ಆ ಕಿಟಕಿ — ಅಯ್ಯೋ ಶಿವನೇ, ಆ ಕಿಟಕಿ, ಸುಗ್ಗಿಯಲ್ಲಿ ಮಾರ್ಕೆಟ್ಟಿನ ಕಡೆಯ ಕಿಟಕಿ ತೆರೆಯುತ್ತಿದ್ದವನು ಅವನೇ, ಧಗಿ ಆಗೇತಿ ಎಂದು ಎದ್ದು ಹೋಗಿ ತೆರೆಯುತ್ತಿದ್ದ, ಖಾರ ಒಳಗೆ ಬರುತ್ತಿತ್ತು, ಸೀನು ಬಂದರೆ ಮುಖ ತಿರುಗಿಸದೆ ತನ್ನದೇ ದಂಡಿನ ಮೇಲೆ ಸೀನುತ್ತಿದ್ದ, ಮೂಗು ಒರೆಸಿಕೊಳ್ಳುತ್ತ, ಹತ್ತು ಮಂದಿ ಹೋದ್ರು, ಬರಕೋ ಪಾಳೇಗಾರ ಎನ್ನುತ್ತಿದ್ದ. ಹಾಗಾದರೆ ಗೆದ್ದೆ ಎಂದುಕೊಂಡಿದ್ದು ಯಾವುದು, ಬ್ಯಾಡಗಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೊಳಗೇ ನಗುತ್ತ ಬಂದದ್ದೆಲ್ಲ ಯಾವುದು, ಭಿಕ್ಷೆ, ಜೋಳಿಗೆಗೆ ಹಾಕಿದ ಹಿಟ್ಟು. ನಾಚಿಕೆ ಬರಬೇಕಿತ್ತು, ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಕಳವು ಮಾಡಿದ್ದು ನಾನು, ಆ ಕಳವನ್ನೂ ಇವನು ತನ್ನ ಕೈಯಿಂದ ಕೊಟ್ಟದ್ದು ಮಾಡಿಕೊಂಡನಲ್ಲ, ಅಲ್ಲೂ ಇವನೇ ಮುಂದೆ, ಒಂದು ದಿನ ಕೊರಳಪಟ್ಟಿ ಹಿಡಿದು ಕಳ್ಳ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು, ಹನ್ನೊಂದು ವರ್ಷ ಸುಮ್ಮನೆ ಕುಳಿತು ಸೋಲುವುದೆಂದರೆ ಅದೆಂಥ ಸೊಕ್ಕು, ಈಗಂತೂ ಕೇಳೋಣವೆಂದರೆ ಬಾಯಿಯೇ ಇಲ್ಲ ಅವನಿಗೆ. ಕಾಗದಗಳನ್ನು ಕಿತ್ತು ಬಿಸಾಕಬೇಕೆಂದು ಉಗುರು ಹಾಕಿದ, ಗೋಂದು ಹನ್ನೊಂದು ವರ್ಷ ಒಣಗಿ ಮುಚ್ಚಳಕ್ಕೆ ಹುಟ್ಟಿದಂತೆ ಹತ್ತಿತ್ತು, ಬರಲಿಲ್ಲ, ಇರಲಿ, ಸೀಸ ಕೂತರೆ ಮುಚ್ಚಿಹೋಗುತ್ತದೆ, ಒಂದು ಮುಚ್ಚಿದ, ಎರಡು ಮುಚ್ಚಿದ, ಸುತ್ತಿಗೆ ತಟ್ಟುತ್ತಲೇ ಹೋಯಿತು, ರಬ್ಬರು ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗಿಸಿ, ಒತ್ತಿ, ಹತ್ತು, ಇಪ್ಪತ್ತು, ಲಾರಿಗಳು ಹೋದವು, ತೂಕ ಹಾಕಿಸಿಕೊಂಡವರು ನಿಂತೇ ಇದ್ದರು.

ಮೂವತ್ತೊಂಬತ್ತು ಮುಗಿದು ಧ್ವಜದವನೊಬ್ಬ ಉಳಿದಾಗ ಪುಷ್ಪಲತಾ ಬಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ರಸ್ತೆಯ ಧೂಳಿಗೆ ಬೈಯುತ್ತ, ಟೈರುಗಳ ನಡುವಿನ ಸ್ಟೂಲಿನ ಮೇಲೆ ಕುಳಿತಳು, ಒಬ್ಬನನ್ನು ಎತ್ತಿ ಅಂಗೈಯಲ್ಲಿ ತೂಗಿ, ಎಷ್ಟ್ ವಜ್ಜಾ ಆಗ್ಯಾನಲ್ರಿ ಅಣ್ಣಾರ, ಇನ್ನ ಇಂವ ಬೀಳಂಗಿಲ್ಲ ಬಿಡ್ರಿ ಎಂದು ಬಹಳ ದಿನದ ಮೇಲೆ ನಕ್ಕಳು. ಮಲ್ಲೇಶಪ್ಪ ಧ್ವಜದವನ ಕೆಂಪು ಕಾಗದ ಕಾಣದ ಹಾಗೆ ತಿರುಗಿ ಕುಳಿತು, ಸೀಸ ಕೂಡಿಸಿ, ರಬ್ಬರಿಗೂ ಮುಚ್ಚಳದ ಅಂಚಿಗೂ ಸೊಲ್ಯೂಷನ್ ಹಚ್ಚಿ ಒಣಗಲು ಹಿಡಿದ, ಹಸಿಯಿದ್ದಾಗ ಒತ್ತಿದರೆ ಹತ್ತುವುದಿಲ್ಲ, ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಅವಳು ತನ್ನಷ್ಟಕ್ಕೆ ತಾನೇ ಹೇಳಿಕೊಂಡಂತೆ ಹೇಳಿದಳು, ಒಂದಿನಾ ನಾ ಕೇಳಿದ್ನಿ ಇವ್ರಿಗೆ, ವಾರಾ ವಾರಾ ಸೋಲಾಕ ಅವ್ರನ್ನ ಯಾಕ ಕರೀತೀರಿ ಅಂತ, ಅದಕ್ಕ ಇವ್ರು ಅಂದ್ರು, ಅಂವ ನನಗ ಒಂದು ಮಾತು ಹೇಳಬೇಕಾಗೇತಿ, ಅಂವಾ ತಾನ ಹೇಳೂತನಕ ಆಡ್ತೀನಿ, ನಾ ಕೇಳಿದ್ರ ಅದಕ್ಕ ಕಿಮ್ಮತ್ತಿಲ್ಲ ಅಂತ. ಸ್ಟೂಲು ಕಿರ್ ಎಂದಿತು, ಅವಳು ಇತ್ತ ತಿರುಗಿದಳು, ಯಾವ ಮಾತರೀ ಅಣ್ಣಾರ ಅದು, ಹೇಳೂದಿದ್ರ ನಡೀರಿ ಈಗ ನನ್ನ ಕೂಡ, ಅವ್ರಿಗೆ ಕಿವಿ ಕೇಳಸ್ತಾವ. ಕಿವಿ ಕೇಳಿಸುತ್ತವೆ. ಕಿಮ್ಮತ್ತಿಲ್ಲ ಅಂದನಂತೆ. ಹಾಗಾದರೆ ಭಿಕ್ಷೆಯಲ್ಲ, ಸೊಕ್ಕೂ ಅಲ್ಲ, ಬಾಗಿಲು ತೆರೆದಿಟ್ಟು ಕುಳಿತಿದ್ದ, ಹನ್ನೊಂದು ವರ್ಷ ಕಿಟಕಿ ತೆರೆದು ಕುಳಿತಿದ್ದ, ಮೂಗು ಒರೆಸಿಕೊಳ್ಳುತ್ತ, ಈ ವಾರ ಹೇಳುತ್ತಾನೆ, ಬರುವ ವಾರ ಹೇಳುತ್ತಾನೆ ಎಂದು, ಮತ್ತು ಈಗ ಹೇಳಿದರೆ ಇವಳ ಮುಂದೆ ಹೇಳಬೇಕು, ಅಣ್ಣಾ ಎಂದು ಕರೆಯುವ ಇವಳ ಮುಂದೆ, ಹೋಗಿ ಅವನ ಹಾಸಿಗೆಯ ಬದಿಗೆ ಕುಳಿತರೆ ಅವನು ನೋಡುತ್ತಾನೆ, ಬಯ್ಯಲಾರ, ಕ್ಷಮಿಸಿದೆ ಎನ್ನಲಾರ, ಬರೀ ನೋಡುತ್ತಾನೆ, ಎದ್ದರೆ ಆಗುತ್ತದೆ, ಬಸ್ಸಿಗೆ ಇನ್ನೂ ಹೊತ್ತಿದೆ, ಅಂಗಡಿಯ ಬಾಗಿಲು ಹಾಕಲು ಎಷ್ಟು ಹೊತ್ತು, ನಾಲಿಗೆ ಒಂದು ಸಲ ಹೊರಳಿದರೆ ಸಾಕು — ಬೆರಳ ತುದಿಯಿಂದ ಸೊಲ್ಯೂಷನ್ ಮುಟ್ಟಿ ನೋಡಿದ, ಒಣಗಿತ್ತು. ಅಂಥಾದ್ದೇನಿಲ್ಲ ತಂಗೆವ್ವ ಎಂದ, ಧ್ವನಿ ಎಂದಿನ ಹಾಗೆಯೇ ಬಂತು, ಅಂವಾ ಚಾಷ್ಟಿ ಮಾಡ್ಯಾನ. ಹೌದಲ್ಲ, ಅವ್ರ ಚಾಷ್ಟಿ ನಂಗೊತ್ತಿಲ್ಲೇನು ಎಂದು ಪುಷ್ಪಲತಾ ಮೂವತ್ತೊಂಬತ್ತು ಮಂದಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ ತುಂಬತೊಡಗಿದಳು, ಒಬ್ಬರಿಗೊಬ್ಬರು ತಾಗಿದರೆ ಈಗ ಸದ್ದೇ ಬೇರೆ, ಅವಳು ಕೊನೆಯವನಿಗಾಗಿ ಕೈ ಚಾಚಿದಳು, ತಡೀ, ಇನ್ನೂ ಹತ್ತಿಲ್ಲ ಎಂದ, ರಬ್ಬರನ್ನು ಮುಚ್ಚಳದ ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಿದ, ಟ್ಯೂಬಿಗೆ ಒತ್ತಿದ್ದಕ್ಕಿಂತ ಗಟ್ಟಿಯಾಗಿ ಒತ್ತಿದ, ಉಗುರು ಬೆಳ್ಳಗಾಯಿತು, ಎತ್ತಿದರೆ ಎದ್ದೀತೆಂದು ಒತ್ತಿಯೇ ಹಿಡಿದ, ಅವಳ ಕೈ ಚಾಚಿಯೇ ಇತ್ತು, ಬೆರಳಿನಡಿಗೆ ರಬ್ಬರು, ರಬ್ಬರಿನಡಿಗೆ ಸೀಸ, ಸೀಸದಡಿಗೆ ಕೆಂಪು ಮಸಿ, ನೋಡಲಾಗಿದೆ, ಕೆಂಪು ಮಸಿ, ನೋಡಲಾಗಿದೆ