ರವೂಫ್ ಸಾಹೇಬರ ರಾಣಿ ರೂಪಾಯಿ

ಗುರುವಾಯನಕೆರೆಯ ಬಸ್ ನಿಲ್ದಾಣದ ಎದುರು ಕೊಡೆ, ಚಪ್ಪಲಿಗಳ ಅಂಗಡಿ ಇಟ್ಟಿದ್ದ ಅಬ್ದುಲ್ ರವೂಫ್ ಸಾಹೇಬರು ತಮ್ಮ ಜೀವಮಾನದಲ್ಲಿ ಮೊದಲು ಬಂದ ಬಸ್ಸನ್ನು ಹತ್ತಿದವರಲ್ಲ. ಮೊದಲನೆಯದರಲ್ಲಿ ಜನ ಹೆಚ್ಚೆಂದು ಬಿಡುವರು. ಎರಡನೆಯದರಲ್ಲಿ ಜನವೇ ಇಲ್ಲವಲ್ಲ, ಏನೋ ಕಾರಣವಿರಬೇಕೆಂದು ಬಿಡುವರು. ಮೂರನೆಯದರ ಮೆಟ್ಟಿಲಿಗೆ ಒಂದು ಕಾಲಿಟ್ಟು ಇನ್ನೊಂದು ಕಾಲಿನ ಅಭಿಪ್ರಾಯಕ್ಕಾಗಿ ಕಾಯುವರು. ಬೆಳ್ತಂಗಡಿಯ ನೆಂಟರ ಮದುವೆಗೆಂದು ಹೊರಟು, ಆ ದಂಪತಿಗಳ ಮೊದಲ ಮಗುವಿಗೆ ಹೆಸರಿಡುವ ದಿನ ತಲುಪಿದರೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಮಗು ಎರಡನೆಯದೂ ಇದ್ದೀತು.

ನಡಿಗೆಯೂ ಹಾಗೆಯೇ. ನಾಲ್ಕು ಹೆಜ್ಜೆ ಇಟ್ಟು ನಿಂತು, ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿ, ತಮ್ಮದೇ ತೀರ್ಪನ್ನು ಮರುಪರಿಶೀಲಿಸುವ ನ್ಯಾಯಾಧೀಶರಂತೆ ಗಂಭೀರವಾಗಿ ತಲೆಯಾಡಿಸಿ, ಮತ್ತೆ ನಾಲ್ಕು ಹೆಜ್ಜೆ. ಭಾವ ದುಬೈಯಿಂದ ತಂದುಕೊಟ್ಟ ಕಾಫಿ ಬಣ್ಣದ ಕೋಟಿನ ತೋಳಿನಲ್ಲಿ ಕಂಪೆನಿಯ ಚೀಟಿ ಒಂಬತ್ತು ವರ್ಷ ಹಾಗೆಯೇ ನೇತಾಡುತ್ತಿತ್ತು. ಕೋಟು ತಮಗೆ ಒಪ್ಪುತ್ತದೋ ಇಲ್ಲವೋ ಎಂಬುದೇ ಇತ್ಯರ್ಥವಾಗದೆ ಅದನ್ನು ಕತ್ತರಿಸುವುದು ಹೇಗೆ? ಏನು ಕೇಳಿದರೂ ಒಂದೇ ಉತ್ತರ: “ಹಾಗೂ ಉಂಟು, ಹೀಗೂ ಉಂಟು ಮಾಷ್ಟ್ರೇ.” ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಸಂಜೆಯ ಹೊತ್ತಿಗೆ ಅವರ ಅಂಗಡಿಯ ಸ್ಟೂಲನ್ನು ಸೇರಿಕೊಂಡು, ಇಪ್ಪತ್ತು ವರ್ಷ ಈ ಉತ್ತರವನ್ನು ಕೇಳುತ್ತ, ಅದರ ಅಣಕವಾಡಿ ಗಿರಾಕಿಗಳನ್ನು ನಗಿಸುತ್ತ ಕಳೆದೆ.

ಅವರ ಮನೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ವಿಕ್ಟೋರಿಯ ರಾಣಿಯ ತಲೆಯಿದ್ದ, ೧೮೪೦ನೆಯ ಇಸವಿಯದ್ದು. ವಾಮದಪದವಿನ ರುಖಿಯಮ್ಮನನ್ನು ಮದುವೆಯಾದ ದಿನ, ವಧುವಿಗೆ ವರನು ಕೊಡಲೇಬೇಕಾದ ಮಹರ್ ಎಂದು ರವೂಫ್ ಸಾಹೇಬರು ಕೊಟ್ಟದ್ದು ಅದೊಂದೇ. ಬೇರೆ ಕೊಡುವುದಕ್ಕೆ ಆಗ ಅವರಲ್ಲಿ ಏನೂ ಇರಲಿಲ್ಲ. ಮಹರ್ ಹೆಂಡತಿಯ ಸ್ವಂತ ಸೊತ್ತು, ಗಂಡನಿಗೆ ಅದರ ಮೇಲೆ ಅಧಿಕಾರವಿಲ್ಲ. ರುಖಿಯಮ್ಮ ಅದನ್ನು ಮಸ್ಲಿನ್ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟವರು ಮತ್ತೆ ಬಿಚ್ಚಿಯೂ ನೋಡಿರಲಿಲ್ಲ.

೧೯೯೬ರಲ್ಲಿ ಮೂಡುಬಿದಿರೆಯಲ್ಲಿ ಹಳೆಯ ನಾಣ್ಯಗಳ ಪ್ರದರ್ಶನವೊಂದಾಯಿತು. ಹೆಂಡತಿಯ ಒಪ್ಪಿಗೆ ಪಡೆದು ಸಾಹೇಬರು ನಾಣ್ಯವನ್ನು ಕೊಂಡೊಯ್ದರು, ಜೊತೆಗೆ ನಾನು. ಅಲ್ಲಿನ ಹಳೆಯ ಜೈನ ಮನೆತನದ ವೀರರಾಜರು, ನಾಣ್ಯ ಸಂಗ್ರಹದಲ್ಲಿ ಕಣ್ಣು ಸವೆಸಿದವರು, ಲೆನ್ಸ್ ಹಿಡಿದು ನೋಡಿದರು. ನೋಡಿದರು, ನೋಡಿದರು, ನಮ್ಮಿಬ್ಬರಿಗೂ ಅಲ್ಲಿಯೇ ಮುಪ್ಪು ಬರುವಷ್ಟು ಹೊತ್ತು ನೋಡಿದರು.

“ತಿಕ್ಕಬೇಡಿ, ಒರೆಸಬೇಡಿ, ಗಟ್ಟಿಯಾಗಿ ಉಸಿರೂ ಬಿಡಬೇಡಿ. ಈ ಕಪ್ಪು ಕೊಳೆಯಲ್ಲ ಸಾಹೇಬ್ರೇ, ಇದರ ಪ್ರಾಯ. ಅಮೆರಿಕಕ್ಕೆ ಕಳುಹಿಸುವ. ಅಲ್ಲಿ ಪರೀಕ್ಷೆ ಮಾಡಿ ಎಪ್ಪತ್ತರಲ್ಲಿ ಇಷ್ಟು ಅಂತ ಅಂಕ ಕೊಡ್ತಾರೆ. ಇದಕ್ಕೆ ಅರವತ್ತು ದಾಟದಿದ್ದರೆ ನಾನು ಲೆನ್ಸ್ ಬಿಸಾಡ್ತೇನೆ.”

ವೀರರಾಜರು ಪ್ರತಿ ವರ್ಷ ಮುಂಬಯಿಯ ಏಜೆಂಟರ ಮೂಲಕ ಕೆಲವು ನಾಣ್ಯಗಳನ್ನು ಕಳುಹಿಸುತ್ತಿದ್ದರು. ಪ್ರತಿ ವರ್ಷ “ಈ ಸಲ ಸಾಹೇಬ್ರೇ?” ಎಂದು ಫೋನ್ ಮಾಡುವರು, ಪ್ರತಿ ವರ್ಷ ಸಾಹೇಬರು ಹಾಗೂ ಉಂಟು, ಹೀಗೂ ಉಂಟು ಎನ್ನುವರು. ಹೀಗೆ ಏಳು ವರ್ಷ. ಅಷ್ಟರಲ್ಲಿ ಅಮೆರಿಕದವರೇ ಬೇಸತ್ತು ಇಲ್ಲಿಗೆ ಬಂದುಹೋದರೆಂದು ನಾನು ಸುದ್ದಿ ಹಬ್ಬಿಸಿದೆ.

ಒಮ್ಮೆ ಮಾತ್ರ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಅವರು ಮನಸ್ಸು ಬಿಚ್ಚಿದರು. “ಅರವತ್ತು ಬಂದರೆ ಸರಿ. ನಲವತ್ತು ಬಂದರೆ? ಈಗ ಏನೂ ಗೊತ್ತಿಲ್ಲ, ಹಾಗಾಗಿ ಎಪ್ಪತ್ತೇ ಉಂಟು.” ಕೊಡೆಯೊಂದನ್ನು ಬಿಚ್ಚಿ, ಮಡಚಿ, ತಗ್ಗಿದ ದನಿಯಲ್ಲಿ ಮುಂದುವರಿಸಿದರು: “ರುಖಿಯಾಳಿಗೆ ನಾನು ಕೊಟ್ಟದ್ದು ಅದೊಂದೇ ಮಾಷ್ಟ್ರೇ. ಅದು ಒಳ್ಳೆಯದಿತ್ತು ಅಂತ ತಿಳಿದವರು ಯಾರಾದರೂ ಬರೆದು ಕೊಟ್ಟರೆ, ಅವಳಿಗೆ ತೋರಿಸಬಹುದಿತ್ತು.”

ಅಂದು ನಾನು ನಗೆಯಾಡಲಿಲ್ಲ. ನನ್ನ ಚರಿತ್ರೆಯಲ್ಲಿ ಅದೊಂದು ಅಪರೂಪದ ದಿನ.

೨೦೦೩ರ ಜನವರಿಯಲ್ಲಿ ಅವರು ಇದ್ದಕ್ಕಿದ್ದಂತೆ ನಿರ್ಧರಿಸಿಬಿಟ್ಟರು: ಸೋಮವಾರ ಮೂಡುಬಿದಿರೆಗೆ ಹೋಗಿ ವೀರರಾಜರ ಕೈಗೆ ಕೊಡುವುದು. ಸಂತೋಷಕ್ಕೆ ಶನಿವಾರ ನನ್ನನ್ನು ಚಹಾಕ್ಕೆ ಮನೆಗೆ ಕರೆದರು. ರುಖಿಯಮ್ಮ ಅಕ್ಕಿಹಿಟ್ಟು ತಟ್ಟಿ ಕರಿದ ಬಿಸಿ ನೈಪತ್ತಿರ್ ತಟ್ಟೆಗೆ ಹಾಕುತ್ತ ಕೇಳಿದರು, “ಅಲ್ಲ ಮಾಷ್ಟ್ರೇ, ಅಲ್ಲಿ ಅದನ್ನು ಏನು ಮಾಡ್ತಾರೆ?”

ತಿಳಿದವನು ತಿಳಿದಷ್ಟು ಹೇಳಿ ಸುಮ್ಮನಾಗಬೇಕಿತ್ತು. ನಾನು ಶುರುಮಾಡಿದೆ. “ಮಂಜುಗಡ್ಡೆಯಂಥ ಕೋಣೆ ರುಖಿಯಮ್ಮ. ಹನ್ನೆರಡು ಮಂದಿ ಬಿಳಿಯರು, ಕೈಗೆ ಬಿಳಿ ಗ್ಲೌಸ್. ಮೊದಲು ಮೂಸಿ ನೋಡ್ತಾರೆ. ಉಗುರಿನಷ್ಟು ಕೊಳೆ ಕಂಡರೂ ದಿಲ್ಲಿಗೆ ಫೋನ್ ಹೋಗ್ತದೆ. ಹೀಗೆ ಕರಿ ಮುಸುಡಿ ಮಾಡಿಕೊಂಡು ಹೋದರೆ ರಾಣಿಯನ್ನು ಗೇಟಿನ ಒಳಗೇ ಬಿಡುವುದಿಲ್ಲ!”

“ನಿಮ್ಮದೊಂದು!” ಎಂದು ಅವರು ನಕ್ಕರು. ಸಾಹೇಬರಂತೂ ಚಹಾ ನೆತ್ತಿಗೇರುವಷ್ಟು ನಕ್ಕರು. ತಿಕ್ಕಬಾರದೆಂಬುದನ್ನು ಅವರು ಹೆಂಡತಿಗೆ ಹೇಳಿರಲಿಲ್ಲ. ನಲವತ್ತು ವರ್ಷ ಮುಟ್ಟದವಳು ಇನ್ನು ಮುಟ್ಟಿಯಾಳೆ ಎಂಬ ನೆಚ್ಚಿಕೆ.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಸಾಹೇಬರು ಕಾಫಿ ಬಣ್ಣದ ಕೋಟು ತೊಟ್ಟು ಜಗಲಿಯಲ್ಲಿ ಸಿದ್ಧರಾಗಿದ್ದರು. ರುಖಿಯಮ್ಮ ಒಳಗಿನಿಂದ ಬಂದು ಅಂಗೈ ಬಿಡಿಸಿದರು. ಆಗಷ್ಟೇ ಟಂಕಸಾಲೆಯಿಂದ ಹೊರಬಿದ್ದಂತೆ ರಾಣಿ ಥಳಥಳ ಹೊಳೆಯುತ್ತಿದ್ದಳು.

“ಹುಣಸೆ ಹುಳಿ, ಬೂದಿ ಹಾಕಿ ಬೆಳಿಗ್ಗೆಯೇ ತಿಕ್ಕಿದೆ. ಕೈ ಸೋತು ಹೋಯಿತು. ಮಾಷ್ಟ್ರು ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಆ ಕೊಳೆಯಲ್ಲೇ ಕಳುಹಿಸ್ತಿದ್ದೆವು.”

ಸಾಹೇಬರು ನನ್ನತ್ತ ಒಮ್ಮೆ ನೋಡಿದರು. ಕೋಪವಿದ್ದರೆ ತಾಳಿಕೊಳ್ಳಬಹುದಿತ್ತು. ಆಮೇಲೆ ನಾಣ್ಯವನ್ನು ಬೆಳಕಿಗೆ ಹಿಡಿದು, “ಚೆಂದ ಆಗಿದೆ ರುಖಿಯಾ. ಕನ್ನಡಿಯ ಹಾಗೆ ಉಂಟು,” ಎಂದರು.

ಬಸ್ಸು ವೇಣೂರು ದಾಟಿತು. ಕೊನೆಗೆ ನಾನೇ, “ರುಖಿಯಮ್ಮನಿಗೆ ನಿಜ ಹೇಳಿ ತಪ್ಪು ಒಪ್ಪಿಕೊಳ್ತೇನೆ,” ಎಂದೆ.

“ಬೇಡ ಮಾರಾಯ್ರೆ. ಅವಳದ್ದು ಅದು. ಅವಳ ನಾಣ್ಯ ಅವಳು ತೊಳೆದಳು.”

ವೀರರಾಜರು ಲೆನ್ಸನ್ನು ಕಣ್ಣಿಗೆ ಒಯ್ಯಲೇ ಇಲ್ಲ. “ಇನ್ನು ಇದಕ್ಕೆ ಅವರು ಅಂಕ ಕೊಡುವುದಿಲ್ಲ ಸಾಹೇಬ್ರೇ. ತಿಕ್ಕಿದ್ದು ಅಂತ ಹಾಗೆಯೇ ವಾಪಸ್ ಕಳುಹಿಸ್ತಾರೆ.”

“ಮೊದಲಿನ ಹಾಗೆಯೇ ಇದ್ದಿದ್ದರೆ?”

“ಅದನ್ನು ಈಗ ಯಾರು ಹೇಳುವುದು?”

ಮನೆಗೆ ಮರಳಿ ಸಾಹೇಬರು ನಾಣ್ಯವನ್ನು ಹೆಂಡತಿಯ ಕೈಗಿತ್ತರು. “ಅವರು ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಡ್ತಾರಂತೆ. ಮತ್ತೆ ಮುಟ್ಟಲಿಕ್ಕಿಲ್ಲ. ಇಷ್ಟು ಚೆಂದದ್ದು ನಿನ್ನ ಕೈಯಲ್ಲೇ ಇರಲಿ.” ಅಂದಿನಿಂದ ರುಖಿಯಮ್ಮ ಬಂದವರಿಗೆಲ್ಲ ಅದನ್ನು ತೋರಿಸತೊಡಗಿದರು, ತೋರಿಸುವ ಮುನ್ನ ಪ್ರತಿ ಸಲವೂ ಸೆರಗಿನಲ್ಲಿ ಒರೆಸುವರು. ಸಾಹೇಬರು ಪಕ್ಕದಲ್ಲಿ ಕುಳಿತು ತಲೆಯಾಡಿಸುವರು.

೨೦೦೭ರಲ್ಲಿ ಅವರು ತೀರಿಕೊಂಡರು. ಆ ನಾಲ್ಕು ವರ್ಷಗಳಲ್ಲಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕ್ಷಮೆ ಕೇಳಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಿಂದ ಹಾಸ್ಯವೇ ಹೊರಬಿತ್ತು, ಅವರು ನಕ್ಕರು. ರುಖಿಯಮ್ಮನಿಗೆ ನಿಜ ಹೇಳುವ ಹಕ್ಕನ್ನೂ ಅವರು ನನಗೆ ಬಿಟ್ಟುಹೋಗಲಿಲ್ಲ.

ಇಂಥವರನ್ನು ನಾವು ಅಂಜುಬುರುಕರೆಂದೂ ಎರಡು ಮನಸ್ಸಿನವರೆಂದೂ ಕರೆದು ನಗುತ್ತೇವೆ. ತಮ್ಮ ಲಾಭನಷ್ಟದ ವಿಷಯಕ್ಕೆ ಅವರಿಗೆ ವರ್ಷಗಳು ಸಾಲವು, ನಿಜ. ಆದರೆ ಎದುರಿಗಿರುವವರ ಮುಖ ಬಾಡೀತೆನ್ನುವ ಗಳಿಗೆಯಲ್ಲಿ ಅವರು ರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸುತ್ತಾರೆ, ಸಾಯುವವರೆಗೆ ಅದನ್ನು ಬದಲಿಸುವುದಿಲ್ಲ. ಥಟ್ಟನೆ ಮಾತಾಡುವ ನನ್ನಂಥವರಿಗೆ ಇದು ಅರ್ಥವಾಗುವ ಹೊತ್ತಿಗೆ, ಹೇಳಿಕೊಳ್ಳಬೇಕಾದ ಮನುಷ್ಯ ಇರುವುದಿಲ್ಲ.